ಅಡುಗೆಮನೆಯಿಂದ ಬರುತ್ತಿದ್ದ ಉತ್ತರಗಳು

ಆ ಭಾನುವಾರ ಬೆಳಿಗ್ಗೆ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಹಾಲ್‌ನಲ್ಲಿದ್ದ ಫೋನು ಮಧ್ಯಾಹ್ನದ ಊಟಕ್ಕೆ ಮುಂಚೆ ಯಾವಾಗಲಾದರೂ ರಿಂಗಾಗಬಹುದಿತ್ತು. ರಿಂಗಾದರೆ ಅಪ್ಪ ಹೋಗಿ ಎತ್ತಿಕೊಂಡು, ತಮ್ಮ ಆಫೀಸಿನ ಸಹೋದ್ಯೋಗಿಗೆ ‘ರೋಹಿಣಿ ಬಡಾವಣೆಯ ನಿಮ್ಮ ಫ್ಲ್ಯಾಟು ನಮಗೆ ಬೇಡ’ ಎಂದು ಹೇಳಲಿದ್ದರು. ಅದು ಬೇಕು ಎಂದು ಅಮ್ಮನಿಗೆ ಇತ್ತು. ಬೇಕು ಅಂತ ಅವಳಿಗಿದೆ ಎಂದು ಇಡೀ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಅಪ್ಪನಿಗೆ ಹೇಳಬಾರದು ಅಂತ ನನ್ನ ಬಾಯಿಗೆ ಬೀಗ ಹಾಕಿಸಿದ್ದವಳೂ ಅವಳೇ.

ನಾವಿದ್ದದ್ದು ದಿಲ್ಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಅಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಅಧಿಕಾರಿ. ಆ ತಿಂಗಳ ಕೊನೆಗೆ ನಿವೃತ್ತಿ. ನಿವೃತ್ತಿಯಾದ ಕೆಲವು ತಿಂಗಳಲ್ಲಿ ಮನೆ ಖಾಲಿ ಮಾಡಬೇಕು. ಆ ಕಾಲೊನಿಯಲ್ಲಿ ಹುಟ್ಟಿ ಬೆಳೆದವರಿಗೆಲ್ಲ ಇದು ಗೊತ್ತಿರುವ ಸಂಗತಿ. ಪಕ್ಕದ ಮನೆಯ ಗೆಳತಿ ಒಂದು ದಿನ ಟ್ರಕ್ಕಿನ ಹಿಂದೆ ಕೈಬೀಸುತ್ತಾ ಹೋಗುತ್ತಾಳೆ, ಮುಂದಿನ ವಾರ ಅದೇ ಬಾಗಿಲಿಂದ ಬೇರೆ ಯಾವುದೋ ರಾಜ್ಯದ ಒಗ್ಗರಣೆಯ ವಾಸನೆ ಬರುತ್ತದೆ. ಈಗ ನಮ್ಮ ಸರದಿ ಬಂದಿತ್ತು. ನಾನು ಗುರ್‌ಗಾಂವ್‌ನ ಕಂಪನಿಯೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ನಾನು ಹೇಗೋ ಯಾರ ಜೊತೆಗೋ ಒಂದು ರೂಮು ಮಾಡಿಕೊಂಡು ಇರಬಲ್ಲವಳು. ಪ್ರಶ್ನೆ ಇದ್ದದ್ದು ಅವರಿಬ್ಬರದು.

ಅಪ್ಪನ ಪ್ರಕಾರ ಪ್ರಶ್ನೆಯೇ ಇರಲಿಲ್ಲ. ಮೈಸೂರಿಗೆ ಹೋಗುವುದು, ಬಾಡಿಗೆ ಮನೆ ಹಿಡಿಯುವುದು, ನಿಧಾನವಾಗಿ ಅಲ್ಲಿದ್ದ ನಮ್ಮ ಸೈಟಿನಲ್ಲಿ ಮನೆ ಕಟ್ಟಿಸುವುದು. ಕೇಳಿದವರಿಗೆಲ್ಲ, “ನಂದೇನಿಲ್ಲಪ್ಪ, ಎಲ್ಲಿದ್ರೂ ಒಂದೇ. ನಮ್ಮನೆಯವಳಿಗೆ ಮೈಸೂರು ಅಂದ್ರೆ ಪ್ರಾಣ. ಇಷ್ಟು ವರ್ಷ ನನ್ನ ಹಿಂದೆ ಇಲ್ಲಿ ಒಣಗಿದಾಳೆ. ಇನ್ನಾದ್ರೂ ಅವಳ ಆಸೆ ನಡೀಲಿ,” ಅನ್ನುತ್ತಿದ್ದರು. ಕೇಳಿದವರು ಆಹಾ ಎಂಥ ಗಂಡ ಎಂದು ತಲೆದೂಗುತ್ತಿದ್ದರು.

ಅಪ್ಪನನ್ನು ತಪ್ಪು ಅನ್ನುವ ಹಾಗೂ ಇರಲಿಲ್ಲ. ಅಮ್ಮ ದಿನಕ್ಕೊಂದು ಸಲವಾದರೂ ‘ನಮ್ಮ ಮೈಸೂರಲ್ಲಾದ್ರೆ’ ಎಂದು ಶುರು ಮಾಡದೆ ಇರುತ್ತಿರಲಿಲ್ಲ. ಮೇ ತಿಂಗಳ ಲೂ ಎಂಬ ಬಿಸಿಗಾಳಿ ಬೀಸಿದರೆ ಮೈಸೂರು, ನಲ್ಲಿ ನಿಂತರೆ ಮೈಸೂರು, ತಳ್ಳುಗಾಡಿಯ ಭಯ್ಯಾ ಬಲಿತ ಬೆಂಡೆಕಾಯಿ ತೂಗಿದರೆ ಮೈಸೂರು. ನನಗೆ ಕನ್ನಡ ಓದುಬರಹ ಕಲಿಸಿದವಳೂ ಅವಳೇ, ಅದೂ ಕಿವಿ ಹಿಂಡಿ. ನಾನು ಅರ್ಧ ಹಿಂದಿ ಬೆರೆಸಿ ಮಾತಾಡಿದರೆ, “ಅಲ್ಲಿ ಹೋದ್ಮೇಲೆ ಜನ ನಗ್ತಾರೆ,” ಅನ್ನುವಳು. ಹೋಗುವುದು ಯಾವಾಗ ಅಂತ ಮಾತ್ರ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಅಂಥವಳು ಶನಿವಾರ ಮಧ್ಯಾಹ್ನ, ಅಪ್ಪ ಮಲಗಿದ್ದಾಗ, ಮೇಲಿನ ಮನೆಯ ಪಂಜಾಬಿ ಆಂಟಿಯನ್ನೂ ನನ್ನನ್ನೂ ಕರೆದುಕೊಂಡು, ಬಟ್ಟೆ ನೋಡೋಕೆ ಕರೋಲ್ ಬಾಗ್‌ಗೆ ಅಂತ ಹೇಳಿ ಹೊರಟಳು. ಆಟೊದಲ್ಲಿ ಕೂತ ಮೇಲೆ, “ಕಶ್ಮೀರಿ ಗೇಟ್ ಚಲೋ ಭಯ್ಯಾ, ಮೆಟ್ರೊ,” ಅಂದಳು. ಮೆಟ್ರೊ ಆಗ ಹೊಸದು. ರೋಹಿಣಿಯ ಆ ಸೊಸೈಟಿಯ ಕಾವಲುಗಾರನಿಂದ ಬೀಗದ ಕೈ ತೆಗೆದುಕೊಳ್ಳುವ ವ್ಯವಸ್ಥೆಯನ್ನು ಆಂಟಿ ಅದು ಹೇಗೋ ಮೊದಲೇ ಮಾಡಿಟ್ಟಿದ್ದರು. ಖಾಲಿ ಫ್ಲ್ಯಾಟು. ಎರಡನೇ ಮಹಡಿ. ಅಮ್ಮ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರು ಬರುವುದನ್ನು ನೋಡಿ, ನಿಲ್ಲಿಸಿದಳು. ಕಿಟಕಿ ತೆಗೆದಳು. ಕಲ್ಲಿನ ಕಟ್ಟೆಗೆ ಸೊಂಟ ತಾಗಿಸಿ ನಿಂತು ಎತ್ತರ ಸರಿಯಿದೆಯೇ ಎಂದು ನೋಡಿದಳು. ಬಾಲ್ಕನಿಯಲ್ಲಿ ನಿಂತು ಕೆಳಗಿನ ಪಾರ್ಕಿನಲ್ಲಿ ಬಿಸಿಲು ಕಾಯುತ್ತಾ ಬಟಾಣಿ ಸುಲಿಯುತ್ತಿದ್ದ ಹೆಂಗಸರನ್ನು ಬಹಳ ಹೊತ್ತು ನೋಡಿದಳು. ವಾಪಸು ಬರುವಾಗ ಮೆಟ್ರೊದಲ್ಲಿ ನನ್ನ ಕೈ ಹಿಡಿದುಕೊಂಡು, “ಚೆನ್ನಾಗಿದೆ ಅಲ್ವಾ?” ಅಂದಳು. ಹೌದು ಅಂದೆ. “ನಿಮ್ಮಪ್ಪಂಗೆ ಹೇಳ್ಬೇಡ,” ಅಂದಳು.

“ಯಾಕಮ್ಮಾ? ನಾಳೆ ಅಪ್ಪ ಅವರಿಗೆ ಬೇಡ ಅಂತ ಹೇಳ್ಬಿಡ್ತಾರೆ. ಫಿರ್ ಕ್ಯಾ ಕರೋಗೀ, ಆಮೇಲೇನ್ ಮಾಡ್ತೀಯ?”

“ನೋಡೋಣ ಇರು,” ಅಂದಳು. ಅಷ್ಟೇ.

ಭಾನುವಾರವೂ ಅವಳು ನೋಡುತ್ತಲೇ ಇದ್ದಳು. ಹುಳಿಗೆ ಬೇಳೆ ಇಟ್ಟು, ಮೂಲಂಗಿ ಹೆಚ್ಚುತ್ತಾ, ಏನೂ ಆಗದವಳ ಹಾಗೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಕಡೆ ಅಪ್ಪ ವರಾಂಡಾದ ಬಿಸಿಲಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು, ಇಂಗ್ಲಿಷ್ ಪೇಪರಿನ ಪದಬಂಧದ ಪುಟ ಮಡಚಿ ರಟ್ಟಿನ ಮೇಲಿಟ್ಟು, ಗಂಟಲು ಸರಿಮಾಡಿಕೊಂಡು ಶುರು ಮಾಡೇಬಿಟ್ಟರು.

ನಮ್ಮ ಮನೆಯ ಪದಬಂಧದ ಪದ್ಧತಿಯನ್ನು ಇಲ್ಲಿ ಹೇಳಬೇಕು. ಅದು ಕ್ರಿಪ್ಟಿಕ್ ಪದಬಂಧ. ಸುಳಿವನ್ನು ಓದಿದರೆ ಯಾರೋ ಏನೋ ಹರಟುತ್ತಿದ್ದಾರೆ ಅನ್ನಿಸುತ್ತದೆ. ಆದರೆ ವಾಕ್ಯದ ಒಂದು ತುದಿಯಲ್ಲಿ ಉತ್ತರದ ಅರ್ಥ ಅಡಗಿರುತ್ತದೆ, ಉಳಿದ ಭಾಗದಲ್ಲಿ ಆ ಪದವನ್ನು ಅಕ್ಷರ ಅಕ್ಷರವಾಗಿ ಕಟ್ಟುವ ದಾರಿ ಇರುತ್ತದೆ. ಅಪ್ಪ ವರಾಂಡಾದಿಂದ ಸುಳಿವು ಕೂಗಿ ಓದುತ್ತಿದ್ದರು. ಎಷ್ಟು ಅಕ್ಷರ, ಎಷ್ಟನೆಯ ಅಕ್ಷರ ಏನು ಬಂದಿದೆ ಎಂದು ಹೇಳುತ್ತಿದ್ದರು. ಅಮ್ಮ ಅಡುಗೆಮನೆಯಿಂದ ಉತ್ತರ ಕೊಡುತ್ತಿದ್ದಳು. ಕುಕ್ಕರ್ ಕೂಗಿದರೆ ಅಪ್ಪ ಮತ್ತೊಮ್ಮೆ ಓದುವರು. ಅಮ್ಮ ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಪರೀಕ್ಷೆ ಮುಗಿದ ತಿಂಗಳೇ ಮದುವೆಯಾಗಿ ದಿಲ್ಲಿಗೆ ಬಂದವಳು. ಅವಳ ಉತ್ತರ ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಆದರೆ ಪದಬಂಧದ ಮನೆಗಳನ್ನು ಅವಳು ಕಣ್ಣಲ್ಲಿ ನೋಡಿದವಳೇ ಅಲ್ಲ. ಪೇಪರು, ರಟ್ಟು, ಪೆನ್ನು ಅಪ್ಪನವು. ಎಲ್ಲ ಮುಗಿದ ಮೇಲೆ ಅಪ್ಪ ಆಫೀಸಿನಲ್ಲಿ, “ನಿನ್ನೇದು ಅರ್ಧ ಗಂಟೇಲಿ ಮುಗಿಸ್ದೆ,” ಎಂದು ಹೇಳಿಕೊಳ್ಳುತ್ತಿದ್ದರು. ಅಮ್ಮನಿಗೆ ಅದರ ಬಗ್ಗೆ ಬೇಜಾರೇನೂ ಇದ್ದಂತಿರಲಿಲ್ಲ. ನನಗಿತ್ತು.

ಆ ದಿನದ್ದು ವಿಷಯದ ಪದಬಂಧ. ಅಂದರೆ, ಅದರ ಕೆಲವು ಉತ್ತರಗಳು ಒಂದೇ ಜಾತಿಗೆ ಸೇರಿದವು. ಅವುಗಳ ಸುಳಿವಿನಲ್ಲಿ ಅರ್ಥ ಕೊಟ್ಟಿರುವುದಿಲ್ಲ, ಪದ ಕಟ್ಟುವ ದಾರಿ ಮಾತ್ರ ಇರುತ್ತದೆ. ಆ ಜಾತಿ ಯಾವುದು ಅಂತ ನಾವೇ ಕಂಡುಹಿಡಿಯಬೇಕು. ಕಂಡುಹಿಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲ ಉತ್ತರ ಅಮ್ಮ ಕೊಟ್ಟಳು. “ಮೈಸೂರು.” ಸ್ವಲ್ಪ ಹೊತ್ತಿನ ಮೇಲೆ ಎರಡನೆಯದೂ ಬಂತು. “ಸಂಡೂರು.”

ಅಪ್ಪ ಕುರ್ಚಿಯಲ್ಲೇ ಕುಣಿದರು. “ಗೊತ್ತಾಯ್ತು! ಕರ್ನಾಟಕದ ಊರುಗಳು! ನೋಡೇ, ನಾವು ಗಂಟುಮೂಟೆ ಕಟ್ಟಿದ್ದು ಪೇಪರ್‌ನೋರಿಗೂ ಗೊತ್ತಾಗಿದೆ!”

ದಿಲ್ಲಿಯಲ್ಲಿ ಮುದ್ರಣವಾಗುವ ಇಂಗ್ಲಿಷ್ ಪೇಪರಿನವರು ಕರ್ನಾಟಕದ ಊರುಗಳ ಮೇಲೆ ಪದಬಂಧ ಯಾಕೆ ಮಾಡುತ್ತಾರೆ ಎಂದು ಯಾರಿಗಾದರೂ ಅನ್ನಿಸಬೇಕು. ಅಪ್ಪನಿಗೆ ಅನ್ನಿಸಲಿಲ್ಲ. ಹೊರನಾಡಿನಲ್ಲಿ ಬಹಳ ಕಾಲ ಇದ್ದವರಿಗೆ ಇದೊಂದು ಕಾಯಿಲೆ. ರಸ್ತೆಯಲ್ಲಿ ಕೆಎ ನಂಬರಿನ ಲಾರಿ ಕಂಡರೂ ನಮಗಾಗಿಯೇ ಬಂದಿದೆ ಅನ್ನಿಸುತ್ತದೆ. ಅಪ್ಪ ಅಲ್ಲಿಂದ ಮುಂದೆ ಅಮ್ಮನನ್ನು ಕೇಳುವುದನ್ನೇ ಬಿಟ್ಟರು. ವಿಷಯ ಗೊತ್ತಾದ ಮೇಲೆ ಇನ್ನೇನು? ಆರು ಅಕ್ಷರ, ಎರಡನೆಯದು ‘ಎ’. ಹಾಸನ. ಏಳು ಅಕ್ಷರ, ಕೊನೆಯದು ‘ಆರ್’. ರಾಯಚೂರು. ಪೆನ್ನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ದಪ್ಪವಾಗಿ ತುಂಬಿದರು.

“ಹಾಸನ ಹೇಗೆ ಬಂತು?” ಅಮ್ಮ ಒಳಗಿಂದ ಕೇಳಿದಳು. “ಸುಳಿವು ಓದಿ.”

“ಅದೆಲ್ಲ ಆಮೇಲೆ ಕೂಡಿಸ್ಕೊಂಡ್ರಾಯ್ತು ಬಿಡೇ. ಸರಿಯಾಗಿ ಕೂತಿದೆ.”

ಅಷ್ಟರಲ್ಲಿ ಫೋನು ರಿಂಗಾಯಿತು. ಓಡಿಹೋಗಿ ಎತ್ತಿದರೆ ಗ್ಯಾಸ್ ಏಜೆನ್ಸಿಯವನು. ಅವನ ಮೇಲೆ ರೇಗಿ ಇಟ್ಟೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನಿಗೆ ಕಣ್ಣಲ್ಲೇ, ಹೇಳು, ಈಗಲೇ ಹೇಳು ಎಂದೆ. ಅವಳು ಶುಂಠಿ ಜಜ್ಜುತ್ತಾ ತಲೆಯೆತ್ತಲಿಲ್ಲ. ನೀರು ಕುಡಿದೆ. ಮತ್ತೆ ವರಾಂಡಾಕ್ಕೆ ಹೋದೆ. ಗೇಟಿನವರೆಗೆ ಹೋಗಿ ಬಂದೆ. “ಏನು, ಕಾಲಲ್ಲಿ ಚಕ್ರ ಕಟ್ಕೊಂಡಿದೀಯಾ?” ಅಂದರು ಅಪ್ಪ.

ಮೇಲಿನಿಂದ ಕೆಳಗಿನ ಉಳಿದ ಪದಗಳಿಗೆ ಬಂದಾಗ ರಗಳೆ ಶುರುವಾಯಿತು. ಅಪ್ಪ ಒಂದು ಸುಳಿವು ಓದಿದರು. “ಜಿಂಜರ್,” ಅಂದಳು ಅಮ್ಮ, ಕೈಯಲ್ಲಿ ಅದನ್ನೇ ಹಿಡಿದುಕೊಂಡು.

“ಆಗಲ್ಲ. ಮೊದಲನೇ ಅಕ್ಷರ ‘ಆರ್’ ಇದೆ.”

“ಅದು ಜಿಂಜರೇ. ಬೇರೆ ಬರೋಕೇ ಸಾಧ್ಯ ಇಲ್ಲ.”

“ರಾಯಚೂರಿನ ‘ಆರ್’ ಕಣೇ!”

ಇನ್ನೊಂದು ಓದಿದರು. ಅಮ್ಮ ಉತ್ತರ ಕೊಟ್ಟಳು. ಅದೂ ಕೂರಲಿಲ್ಲ. ಮೂರನೆಯದೂ ಕೂರಲಿಲ್ಲ. “ಏನಾಗಿದೆ ನಿಂಗಿವತ್ತು? ಮನಸ್ಸೆಲ್ಲಾ ಮೈಸೂರಲ್ಲೇ ಇದೆಯೋ ಏನೋ,” ಎಂದು ಅಪ್ಪ ನಕ್ಕರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ನಗು ಹೇಗಿರುತ್ತದೆ ಎಂದು ಆ ದಿನ ನೋಡಿದೆ.

ಒಳಗೆ ಜಜ್ಜುವ ಸದ್ದು ನಿಂತಿತು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಬಂದವಳೇ ಅಪ್ಪನ ತೊಡೆಯ ಮೇಲಿಂದ ರಟ್ಟನ್ನು ಎತ್ತಿಕೊಂಡಳು. ಹೀಗೆ ಅವಳು ಯಾವತ್ತೂ ಮಾಡಿರಲಿಲ್ಲ. ಅಪ್ಪನ ಪೆನ್ನು ಗಾಳಿಯಲ್ಲೇ ಉಳಿಯಿತು.

ಅಮ್ಮ ಪೇಪರನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. “ಇಷ್ಟೇ ಇಷ್ಟಾ ಇದು?” ಅಂದಳು. “ನಾನು ದೊಡ್ಡದಿರುತ್ತೆ ಅಂದ್ಕೊಂಡಿದ್ದೆ.” ಅವಳ ತಲೆಯೊಳಗಿನ ಪದಬಂಧ ಎಷ್ಟು ದೊಡ್ಡದಿತ್ತೋ. ಆಮೇಲೆ ಬೆರಳಿಟ್ಟುಕೊಂಡು ಒಂದೊಂದೇ ಸುಳಿವು ಓದಿದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಅಪ್ಪ ಕೈ ಚಾಚಿಕೊಂಡೇ ಇದ್ದರು. ನಾನು ಕಂಬಕ್ಕೆ ಒರಗಿದೆ.

“ಹಾಸನ ಅಲ್ಲ, ಬರೋಡಾ. ರಾಯಚೂರಲ್ಲ, ಗ್ವಾಲಿಯರ್. ಇದು ಊರುಗಳಲ್ಲ ರೀ. ಹಳೇ ಸಂಸ್ಥಾನಗಳು, ರಾಜರು ಆಳ್ತಿದ್ದವು. ಮೈಸೂರು, ಸಂಡೂರು ಎರಡು ಸಿಕ್ಕಿದ್ದೇ ಸಿಕ್ಕಿದ್ದು, ತಲೆಬರಹ ಬರೆದುಬಿಟ್ರಿ. ಉಳಿದಿದ್ದನ್ನೆಲ್ಲಾ ಅದಕ್ಕೆ ಸರಿಯಾಗಿ ಬಗ್ಗಿಸಿದ್ರಿ. ನಾನು ಇನ್ನೇನೋ ಹೇಳಿದ್ರೆ ನಂದೇ ತಪ್ಪು.”

“ಆಯ್ತು ಮಾರಾಯ್ತಿ, ಹೊಡೆದುಹಾಕಿದ್ರಾಯ್ತು. ಒಂದು ಪದಬಂಧಕ್ಕೆ ಇಷ್ಟೊಂದು ಸಿಟ್ಟಾ?”

“ಪದಬಂಧಕ್ಕಲ್ಲ,” ಅಂದಳು ಅಮ್ಮ. “ನಿನ್ನೆ ರೋಹಿಣಿ ಮನೆ ನೋಡ್ಕೊಂಡು ಬಂದೆ.”

ಅಪ್ಪ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

“ನಂಗದು ಬೇಕು. ನಾನು ಮೈಸೂರಿಗೆ ಬರಲ್ಲ.”

“ನೀನು? ಮೂವತ್ತು ವರ್ಷದಿಂದ ಮೈಸೂರು ಮೈಸೂರು ಅಂತ ತಲೆ ತಿಂದೋಳು ನೀನೇ ತಾನೆ?”

“ಅಂತಿದ್ದೆ. ಹೆಂಗಸು ಹೊಸದಾಗಿ ಬಂದ ಜಾಗದಲ್ಲಿ ಬಿಸಿಲಿಗೆ ಬೈಬೇಕು ಅಂದ್ರೆ ಇನ್ನೇನು ಅಂತಾಳೆ? ಮೊದಮೊದಲು ಅಳು ಬರೋದು, ಅದಕ್ಕೆ ಅಂತಿದ್ದೆ. ಆಮೇಲೆ ಅಭ್ಯಾಸ ಆಯ್ತು. ನೀವು ‘ಅಯ್ಯೋ ರಾಮ’ ಅಂತೀರಲ್ಲ, ರಾಮನ್ನ ಕರೀತೀರಾ? ಹಾಗೆ.” ಅಮ್ಮ ಒಂದು ಸಲ ಉಸಿರು ತೆಗೆದುಕೊಂಡಳು. “ಅಲ್ಲಿ ನಂಗೆ ಯಾರಿದ್ದಾರೆ ರೀ? ನನ್ನ ಜೊತೆ ಓದಿದೋರೆಲ್ಲಾ ಎಲ್ಲೆಲ್ಲೋ ಹೋದ್ರು. ನಮ್ಮ ಬೀದಿ ನಂಗೇ ಗುರುತು ಸಿಗಲ್ಲ. ಇಲ್ಲಿ ಮಾರ್ಕೆಟ್ಟಿಗೆ ಹೋದ್ರೆ ಹತ್ತು ಜನ ಮಾತಾಡಿಸ್ತಾರೆ. ಮೇಲಿನ ಮನೆಯೋರೂ ರೋಹಿಣೀಲೇ ಮನೆ ತಗೊಂಡಿದ್ದಾರೆ. ಮಗಳು ಇಲ್ಲಿದ್ದಾಳೆ. ನಂಗೆ ಇಲ್ಲಿ ಬೇಕು. ಒಂದು ದಿನ, ಒಂದೇ ಒಂದು ದಿನ ಕೇಳಿದ್ರಾ ನೀವು? ಎಷ್ಟು ಸಾವಿರ ಸುಳಿವು ಕೂಗಿ ಕೂಗಿ ಕೇಳಿದ್ರಿ. ಇದೊಂದನ್ನ ಕೇಳ್ಲಿಲ್ಲ.”

ನಾನು ಮನಸ್ಸಿನಲ್ಲೇ ಭೇಷ್ ಅಮ್ಮ ಎಂದೆ. ನಿಜಕ್ಕೂ ಚಪ್ಪಾಳೆ ತಟ್ಟಬೇಕು ಅನ್ನಿಸಿತು. ಆಗಲೇ ಫೋನು ರಿಂಗಾಯಿತು.

ಈ ಸಲ ಅಪ್ಪನ ಸಹೋದ್ಯೋಗಿಯೇ. ಎತ್ತಿದೆ. “ಬೇಟಾ, ಪಾಪಾ ಹೈಂ? ಅವರು ಹೂಂ ಅಂದ್ರೆ ಸರಿ, ಇಲ್ಲದಿದ್ರೆ ಇನ್ನೊಂದು ಪಾರ್ಟಿ ಇಲ್ಲೇ ಕೂತಿದೆ,” ಅನ್ನುವ ಅರ್ಥದಲ್ಲಿ ಹಿಂದಿಯಲ್ಲಿ ಹೇಳಿದರು. ರಿಸೀವರನ್ನು ಎದೆಗೊತ್ತಿಕೊಂಡು, “ಅಪ್ಪಾ,” ಎಂದು ಕರೆದೆ.

ಹಾಲ್‌ನ ಬಾಗಿಲಿನಿಂದ ಅಪ್ಪ ಕಾಣುತ್ತಿದ್ದರು. ಅವರು ಏಳಲಿಲ್ಲ. ಅಮ್ಮನ ಕೈಯಲ್ಲಿದ್ದ ಪದಬಂಧವನ್ನು ನೋಡುತ್ತಾ ಏನೋ ಅಂದರು. ನನಗೆ ಕೇಳಿಸಲಿಲ್ಲ. ಅಮ್ಮನಿಗೂ ಕೇಳಿಸಿರಲಿಲ್ಲ ಅನ್ನಿಸುತ್ತದೆ.

“ಏನಂದ್ರಿ?”

“ನಂಗೆ ಹೋಗ್ಬೇಕಿತ್ತು ಕಣೇ,” ಅಂದರು ಅಪ್ಪ. “ಮೈಸೂರಿಗೆ. ನಂಗೆ ಹೋಗ್ಬೇಕಿತ್ತು.”

ಅಪ್ಪನ ಬಾಯಲ್ಲಿ ‘ನಂಗೆ ಬೇಕು’ ಎನ್ನುವ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಕಾಫಿ ಕೂಡ ‘ಇದ್ರೆ ಕೊಡು’ ಎಂದು ಕೇಳುವವರು. ನನಗೆ ಥಟ್ಟನೆ ನೆನಪಾದದ್ದು ರೈಲ್ವೆ ಸ್ಟೇಷನ್ನು. ಪರಿಚಯದವರು ಯಾರೇ ಬೆಂಗಳೂರಿನ ಕಡೆ ಹೊರಟರೂ ಅಪ್ಪ ಸ್ಟೇಷನ್ನಿಗೆ ಹೋಗುತ್ತಿದ್ದರು. ಅವರ ಪೆಟ್ಟಿಗೆ ಸೀಟಿನ ಕೆಳಗೆ ತಳ್ಳಿ, ನೀರಿನ ಬಾಟಲಿ ತುಂಬಿಸಿಕೊಟ್ಟು, ರೈಲಿನ ಕೊನೆಯ ಡಬ್ಬಿ ಪ್ಲಾಟ್‌ಫಾರಂ ದಾಟುವವರೆಗೂ ನಿಂತು ಬರುತ್ತಿದ್ದರು. ನಾವೆಲ್ಲ ಅದನ್ನು ಅವರ ದಾಕ್ಷಿಣ್ಯ ಅಂದುಕೊಂಡಿದ್ದೆವು. ಅಮ್ಮ ಎಷ್ಟೋ ಸಲ ಬೈದಿದ್ದೂ ಉಂಟು, ಅವರಿಗೇನು ಕೈಕಾಲಿಲ್ವಾ ಎಂದು. ಒಂದು ನಿಮಿಷದ ಹಿಂದೆ ಚಪ್ಪಾಳೆ ತಟ್ಟಬೇಕೆಂದಿದ್ದ ಕೈಯಲ್ಲಿ ರಿಸೀವರು ಬೆವರುತ್ತಿತ್ತು.

“ಮತ್ತೆ ನನ್ನ ಹೆಸರು ಯಾಕೆ ಹೇಳ್ತಿದ್ರಿ ಎಲ್ಲರ ಹತ್ರ?” ಅಮ್ಮನ ದನಿ ಇಳಿದಿತ್ತು. “ನಿಮಗೆ ಬೇಕು ಅಂತ ಯಾಕೆ ಹೇಳ್ಲಿಲ್ಲ?”

“ನೀನೂ ಕೇಳ್ಲಿಲ್ಲ.”

ರಿಸೀವರಿನೊಳಗಿಂದ “ಹೆಲೋ? ಹೆಲೋ ಜೀ?” ಎಂದು ಕೇಳುತ್ತಲೇ ಇತ್ತು. ಇನ್ನು ಅಮ್ಮ ಸೋಲುತ್ತಾಳೆ ಅಂದುಕೊಂಡೆ. ಯಾವ ಹೆಂಗಸೇ ಆದರೂ ಆ ಮಾತು ಕೇಳಿದ ಮೇಲೆ ‘ಹೋಗಲಿ ಬಿಡಿ, ಮೈಸೂರಿಗೇ ಹೋಗೋಣ’ ಅಂದುಬಿಡುತ್ತಾಳೆ. ಅವಳು ಹಾಗನ್ನಬಾರದು ಎಂದೂ ಅನ್ನಿಸಿತು, ಅಪ್ಪನ ಮುಖ ನೋಡಿದರೆ ಅನ್ನಲಿ ಎಂದೂ ಅನ್ನಿಸಿತು. ಯಾರ ಪಕ್ಷ ಎಂದು ನನಗೇ ತಿಳಿಯದೆ ಒದ್ದಾಡಿದೆ.

ಅಮ್ಮ ರಟ್ಟನ್ನು ಅಪ್ಪನ ತೊಡೆಯ ಮೇಲೆ ನಿಧಾನವಾಗಿ ಇಟ್ಟಳು. ಒಳಗೆ ಬಂದು ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡಳು.

“ಹಾಂಜೀ ಭಾಯಿಸಾಬ್. ನಮಸ್ತೆ. ಹಮ್ ಲೇ ರಹೇ ಹೈಂ.” ನಾವು ತಗೊಳ್ತಿದ್ದೀವಿ. ಆ ಕಡೆಯವರು ಏನೋ ಕೇಳಿರಬೇಕು. “ಜೀ, ಪಕ್ಕಾ. ಉನ್ಹೋಂನೇ ಭೀ ಸುನ್ ಲಿಯಾ ಹೈ,” ಎಂದು ಫೋನಿಟ್ಟಳು. ಅವರೂ ಕೇಳಿಸಿಕೊಂಡಿದ್ದಾರೆ. ಒಪ್ಪಿದ್ದಾರೆ ಅನ್ನಲಿಲ್ಲ. ಅಷ್ಟು ದೊಡ್ಡ ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

ಇಟ್ಟ ಫೋನಿನ ಮೇಲೆ ಕೈಯನ್ನು ಹಾಗೇ ಬಿಟ್ಟು ನಿಂತಿದ್ದಳು. ಅವಳು ಗೆದ್ದಿದ್ದಳು. ನಾನು ಬೆಳಿಗ್ಗೆಯಿಂದ ಹಾರೈಸಿದ್ದೂ ಅದನ್ನೇ. ಆದರೆ ಇಬ್ಬರ ಮುಖದಲ್ಲೂ ಗೆಲುವಿರಲಿಲ್ಲ. ನನಗೆ ಇಬ್ಬರ ಮೇಲೂ ಕೆಟ್ಟ ಸಿಟ್ಟು ಬಂತು. ಇಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿ, ಒಂದೇ ತಟ್ಟೆಯಿಂದ ಹಪ್ಪಳ ಮುರಿದುಕೊಂಡು ತಿಂದು, ಮಾತಾಡಲು ಏನು ಧಾಡಿ ಇವರಿಗೆ? ಸಿಟ್ಟಿನ ಹಿಂದೆಯೇ ಅಳುವೂ ಬಂತು. ಮುಖ ತಿರುಗಿಸಿಕೊಂಡು ಗೋಡೆಯ ಕ್ಯಾಲೆಂಡರ್ ನೋಡಿದೆ.

ಅಮ್ಮ ಮತ್ತೆ ವರಾಂಡಾಕ್ಕೆ ಹೋದಳು. ಬಿಸಿಲು ಅಪ್ಪನ ಮಂಡಿಯಿಂದ ಪಾದಕ್ಕೆ ಇಳಿದಿತ್ತು.

“ನೀವು ಹೋಗಿ ಇದ್ದು ಬನ್ನಿ,” ಅಂದಳು. “ಬೇಸಿಗೇಲಿ ಹೋಗಿ. ಎರಡು ತಿಂಗಳು ಬೇಕೋ, ಆರು ತಿಂಗಳು ಬೇಕೋ. ಸೈಟಲ್ಲಿ ಒಂದು ರೂಮು ಹಾಕಿಸ್ಕೊಳ್ಳಿ. ನಾನು ಬೇಡ ಅನ್ನಲ್ಲ. ನಾನು ಇಲ್ಲಿ ಒಬ್ಬಳೇ ಇರ್ತೀನಿ, ನಂಗೇನೂ ತೊಂದ್ರೆ ಇಲ್ಲ.”

ಅಪ್ಪ ಪೆನ್ನಿನ ಮುಚ್ಚಳ ಹುಡುಕಿ ಹಾಕಿದರು. ಜೇಬಿಗೆ ಸಿಕ್ಕಿಸಿಕೊಂಡರು.

“ಒಬ್ಬನೇ ಹೋಗೋದಾಗಿದ್ರೆ ಯಾವತ್ತೋ ಹೋಗಿರ್ತಿದ್ನಲ್ಲೇ,” ಅಂದರು.

ಅಮ್ಮ ಒಳಗೆ ಹೋಗಲಿಲ್ಲ. ಅವರ ಕುರ್ಚಿಯ ಪಕ್ಕದಲ್ಲೇ ಕೂತಳು.